ಕುರ್ಚಿಗಳಿಗೆ ಕೆಳಗಡೆ, ನನಗೆ ಮಹಡಿ

ಕಾಲು ಸರಿ ಇದ್ದವರಿಗೆ ದಾರಿಯಲ್ಲಿ ಕಲ್ಲುಮುಳ್ಳು ಸಿಗುತ್ತವೆ, ಇಲ್ಲದವರಿಗೆ ಬರೀ ಸಲಹೆ ಸಿಗುತ್ತದೆ. ನನ್ನ ಬಲಗಾಲು ಚಿಕ್ಕಂದಿನಲ್ಲೇ ಪೋಲಿಯೋ ಪಾಲಾಯಿತು. ಅಂದರೆ ಕಾಲು ಇದೆ, ಕೆಲಸ ಮಾಡುವುದಿಲ್ಲ. ಹಾಗೆ ಇದ್ದೂ ಕೆಲಸ ಮಾಡದ ಎಷ್ಟೋ ವಸ್ತುಗಳು ಸರ್ಕಾರಿ ಕಚೇರಿಯಲ್ಲಿ ಇರುವುದರಿಂದ ನನಗೆ ಅಲ್ಲಿ ನೌಕರಿ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ತೊಂಬತ್ತರ ದಶಕದಲ್ಲಿ ಅಂಗವಿಕಲರ ಮೀಸಲಾತಿಯಲ್ಲಿ ಗುಮಾಸ್ತನಾಗಿ ಸೇರಿದೆ. ಮನೆ ಭದ್ರಾವತಿಯ ನ್ಯೂ ಟೌನಿನಲ್ಲಿ, ಕಚೇರಿ ಶಿವಮೊಗ್ಗದ ದುರ್ಗಿಗುಡಿ ಕಡೆಯ ಒಂದು ಬಾಡಿಗೆ ಕಟ್ಟಡದಲ್ಲಿ. ಇಲಾಖೆಯ ಹೆಸರು ಬೇಡ, ಎಲ್ಲರೂ ನಿವೃತ್ತರಾಗಿ ಮೊಮ್ಮಕ್ಕಳ ಜೊತೆ ನೆಮ್ಮದಿಯಾಗಿದ್ದಾರೆ. ಅಲ್ಲಿ ನನಗೆ ಬೇಕಾಗಿದ್ದುದು ಒಂದೇ: ನೆಲಮಹಡಿಯಲ್ಲಿ ಒಂದು ಮೇಜು. ಆ ಒಂದು ಮೇಜಿನ ಸುತ್ತ ನಡೆದದ್ದನ್ನು ನೆನೆಸಿಕೊಂಡರೆ ಇಂಥವೆಲ್ಲ ಹುಡುಕಿಕೊಂಡು ನನ್ನ ಬಳಿಗೇ ಯಾಕೆ ಬರುತ್ತವೋ ಎನಿಸುತ್ತದೆ.

ಸರ್ಕಾರದ ಆಸ್ತಿ

ಕೆಲಸಕ್ಕೆ ಹಾಜರಾಗಲು ಹೋದ ದಿನ ಸಾಹೇಬರು ಮಹಡಿಯ ಮೇಲಿದ್ದರು. ಸಾಹೇಬರೇನು, ಇಡೀ ಕಚೇರಿಯೇ ಮೇಲಿತ್ತು. ಕೆಳಗಿದ್ದ ದೊಡ್ಡ ಕೋಣೆಗೆ ಬೀಗ. ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ನಾನು ಮೇಲೆ ತಲುಪುವಷ್ಟರಲ್ಲಿ ಅಂಗಿ ಹಿಂಡಿದರೆ ಒಂದು ಚೊಂಬು ಬೆವರು ಬರುವಂತಿತ್ತು.

ಸಾಹೇಬರು ಕೆಟ್ಟವರಲ್ಲ. ಎದ್ದು ಬಂದು ಕುರ್ಚಿ ಎಳೆದುಕೊಟ್ಟರು, ಕಾಫಿ ತರಿಸಿದರು. "ಏನು ಅನುಕೂಲ ಬೇಕಾದ್ರೂ ಸಂಕೋಚ ಪಡದೆ ಕೇಳಿ" ಎಂದರು. ನಾನೂ ಸಂಕೋಚ ಪಡದೆ ಕೇಳಿದೆ.

"ಸಾರ್, ಕೆಳಗಿನ ರೂಮಲ್ಲಿ ನಂಗೊಂದು ಟೇಬಲ್ ಹಾಕಿಸಿಕೊಟ್ರೆ ಸಾಕು."

ಸಾಹೇಬರು ಹೆಡ್ ಕ್ಲರ್ಕ್ ಮುಖ ನೋಡಿದರು. ಹೆಡ್ ಕ್ಲರ್ಕು ಹಣೆ ತುಂಬ ವಿಭೂತಿ ಬಳಿದುಕೊಂಡೇ ಕಚೇರಿಗೆ ಬರುವ, ಶಾಸ್ತ್ರ ಬಿಟ್ಟು ಒಂದು ಗುಂಡುಸೂಜಿಯನ್ನೂ ಎತ್ತದ ಮನುಷ್ಯ.

"ಅದಾಗಲ್ಲ ಸಾರ್. ಅಲ್ಲಿ ಮುರಿದಿರೋ ಕುರ್ಚಿಗಳಿದಾವೆ. ಹರಾಜು ಹಾಕಕ್ಕೆ ಬೆಂಗಳೂರಿಂದ ಪರ್ಮಿಷನ್ ಬರ್ಬೇಕು. ಅಲ್ಲೀ ತನಕ ಅವು ಸರ್ಕಾರದ ಆಸ್ತಿ."

"ಅವನ್ನ ಮೇಲೆ ತಂದಿಟ್ಟು ನನ್ನ ಕೆಳಗೆ ಕೂರಿಸಬಹುದಲ್ಲ ಸಾರ್?" ಎಂದೆ.

ಹೆಡ್ ಕ್ಲರ್ಕು ನನ್ನನ್ನು ಕನಿಕರದಿಂದ ನೋಡಿದರು. "ಅವನ್ನ ಮೇಲೆ ಹೆಂಗೆ ಹತ್ತಿಸೋದು ಮಾರಾಯ್ರೆ? ಅವಕ್ಕೆ ಕಾಲು ಸರಿ ಇಲ್ಲ."

ಕೆಳಗಿನ ಪೇಷಂಟು

ಮಳೆಗಾಲದಲ್ಲಿ ಒದ್ದೆ ಮೆಟ್ಟಿಲ ಮೇಲೆ ಒಂದು ಸಲ ಜಾರಿ ಬಿದ್ದೆ. ಮೂಳೆ ಮುರಿಯಲಿಲ್ಲ, ಹೆಂಡತಿಯ ಧೈರ್ಯ ಮುರಿಯಿತು. "ಇನ್ನೊಂದು ಸಲ ಬಿದ್ರೆ ಆ ಕೆಲಸಾನೇ ಬೇಡ, ಬಿಟ್ಟು ಬನ್ನಿ. ಗಂಜಿ ಕುಡಿದಾದ್ರೂ ಬದುಕೋಣ" ಎಂದಳು. ಕೆಲಸ ಬಿಟ್ಟರೆ ಆ ಗಂಜಿಯೂ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನನಗೆ ನಿಜವಾಗಿ ಭಯವಾದದ್ದು ಆವತ್ತೇ.

ಮತ್ತೆ ಸಾಹೇಬರ ಮುಂದೆ ನಿಂತೆ. ಅವರು ಹೊಸದಾಗಿ ಡಾಕ್ಟರ ಸರ್ಟಿಫಿಕೇಟ್ ತರಲು ಹೇಳಿದರು.

"ನೌಕರಿಗೆ ಸೇರೋವಾಗ ಕೊಟ್ಟಿದೀನಲ್ಲ ಸಾರ್."

"ಅದು ನೌಕರಿಗೆ. ಇದು ಕೆಳಗೆ ಕೂರಕ್ಕೆ. ಅಲ್ದೆ ಅದು ಹಳೇದು ಕಣ್ರೀ. ಈಗ ವಾಸಿ ಆಗಿದ್ರೆ?"

ಸರಿ, ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿ ಬಾಗಿಲಲ್ಲಿ ಕೂತಿದ್ದವನು ನನ್ನ ಊರುಗೋಲು ನೋಡಿ, "ಡಾಕ್ಟರ್ ಮೇಲಿರ್ತಾರೆ. ಆದ್ರೆ ನಿಮ್ಮಂಥೋರು ಹತ್ತೋ ಹಂಗಿಲ್ಲ, ಅವರೇ ಕೆಳಗೆ ಬರ್ತಾರೆ" ಎಂದ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಎಲ್ಲಿ ಕೂತ್ಕೊಳ್ಳಲಪ್ಪ?"

"ಕೂರೋದು ಆಮೇಲೆ. ಮೊದ್ಲು ಮೇಲೆ ಹೋಗಿ, ಹತ್ತಕ್ಕಾಗಲ್ಲ ಅಂತ ಹೆಸರು ಬರೆಸಿ ಬನ್ನಿ."

"ನನ್ನ ಪರವಾಗಿ ನೀನೇ ಬರೆಸಿಬಿಡು ಮಾರಾಯ."

"ಆಗಲ್ಲ ಸಾರ್. ಖುದ್ದಾಗೇ ಬರೆಸ್ಬೇಕು. ಸುಳ್ಳು ಹೇಳೋರು ಜಾಸ್ತಿ ಆಗಿದಾರೆ."

ಹತ್ತಿದೆ. ಮೇಲೆ ಹೆಸರು ಬರೆದುಕೊಳ್ಳುವವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಹತ್ತಕ್ಕಾಗಲ್ವಾ?"

"ಆಗಲ್ಲ."

"ಮತ್ತೆ ಇಲ್ಲಿಗೆ ಹೆಂಗೆ ಬಂದ್ರಿ?"

"ಹತ್ಕೊಂಡು."

ಅನುಮಾನದಿಂದಲೇ ಬರೆದುಕೊಂಡ. ಪಕ್ಕದಲ್ಲೇ ಡಾಕ್ಟರು ಕಾಫಿ ಕುಡಿಯುತ್ತಾ ನಿಂತಿದ್ದರು. "ಸಾರ್, ಬಂದಿದೀನಲ್ಲ, ಇಲ್ಲೇ ನೋಡಿಬಿಡಿ" ಎಂದೆ. ಡಾಕ್ಟರು ಒಳ್ಳೆಯ ಮನುಷ್ಯ, ಪಾಪ. "ನೋಡಬಹುದಿತ್ತು. ಆದ್ರೆ ನೀವು ಕೆಳಗಿನ ಪೇಷಂಟ್ ಆಗ್ಬಿಟ್ರಿ. ಬನ್ನಿ, ಹೋಗೋಣ" ಎಂದು ನನ್ನ ಕೈ ಹಿಡಿದುಕೊಂಡರು. ಎಷ್ಟು ಮಕ್ಕಳು, ಭದ್ರಾವತಿ ಬಸ್ಸು ಈಗಲೂ ರಶ್ಶಾ, ಎಲ್ಲ ಮಾತಾಡಿಕೊಂಡು ಇಬ್ಬರೂ ಜೊತೆಯಾಗಿ ಇಳಿದೆವು.

ಕೆಳಗೆ ಬಂದ ಮೇಲೆ ಕಾಲನ್ನು ಒತ್ತಿ ಬಗ್ಗಿಸಿ ನೋಡಿದರು. "ನೀವು ಮೆಟ್ಟಿಲು ಹತ್ತೋದು ಇಳಿಯೋದು ಪೂರ್ತಿ ನಿಲ್ಲಿಸ್ಬೇಕು" ಎಂದು ಗಂಭೀರವಾಗಿ ಹೇಳಿ, ಹಾಗೇ ಬರೆದೂ ಕೊಟ್ಟು, ಅದಕ್ಕೆ ಸೀಲು ಹಾಕಿಸಿಕೊಳ್ಳಲು ನನ್ನನ್ನು ಮೇಲೆ ಕಳಿಸಿದರು.

ಹೂಜಿ

ಸರ್ಟಿಫಿಕೇಟಿಗೆ ಸಾಹೇಬರು ಗೌರವ ಕೊಟ್ಟರು. ಕುರ್ಚಿಗಳು ಹರಾಜಾಗುವ ತನಕ ನಾನು ಕೂತಲ್ಲಿಂದ ಏಳುವ ಹಾಗಿಲ್ಲ ಎಂದು ಆಜ್ಞೆ ಮಾಡಿದರು. ಅದರ ಫಲವಾಗಿ ಯಾರ ಕೆಲಸ ಬಾಕಿ ಉಳಿದರೂ ಅದು ನನ್ನ ಮೇಜಿಗೆ ಬರತೊಡಗಿತು. "ಹೆಂಗೂ ಕೂತೇ ಇರ್ತೀರಲ್ಲ." ಟೆಲಿಫೋನೂ ನನ್ನ ಮೇಜಿಗೇ ಬಂತು. ಕಚೇರಿಯ ಎಲ್ಲರ ಹೆಂಡತಿಯರ ದನಿಯೂ ನನಗೆ ಪರಿಚಯವಾಯಿತು.

ಒಂದು ವಿಷಯ ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಕಕ್ಕಸು ಕೆಳಗೆ ಹಿತ್ತಲಲ್ಲಿತ್ತು. ಹಾಗಾಗಿ ಮನೆ ಬಿಟ್ಟ ಮೇಲೆ ನಾನು ನೀರೇ ಕುಡಿಯುತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ಇದನ್ನು ಪತ್ತೆ ಮಾಡಿದವರು ನಮ್ಮ ಟೈಪಿಸ್ಟ್ ಮೇಡಂ. ಅವರೂ ಭದ್ರಾವತಿಯವರೇ, ಒಂದೇ ಬಸ್ಸು. ನನ್ನ ನೀರಿನ ಬಾಟಲಿ ಹೋಗುವಾಗ ತುಂಬಿದ್ದು ಬರುವಾಗಲೂ ತುಂಬಿರುವುದನ್ನು ನೋಡಿ, ಸಿಟ್ಟಿನಿಂದ ಸೀದಾ ಸಾಹೇಬರ ಕೋಣೆಗೆ ನುಗ್ಗಿದರು.

"ಸಾರ್, ಈ ಮನುಷ್ಯ ಇಳಿಯಕ್ಕಾಗಲ್ಲ ಅಂತ ದಿನವಿಡೀ ಒಂದು ತೊಟ್ಟು ನೀರು ಕುಡಿಯಲ್ಲ. ನಿಮಗೆ ಗೊತ್ತಾ?"

ಸಾಹೇಬರಿಗೆ ನಿಜಕ್ಕೂ ಸಂಕಟವಾಯಿತು. "ಛೆ ಛೆ, ಮೊದ್ಲೇ ಹೇಳಬಾರದಾ? ನಾಳೆನೇ ಸರಿ ಮಾಡಿಸ್ತೀನಿ" ಎಂದರು. ಆ ರಾತ್ರಿ ನಾನು ಹೆಂಡತಿಗೆ ಕೆಳಗಿನ ಕೋಣೆ ಸಿಕ್ಕಿತೆಂದೇ ಹೇಳಿದೆ. ಮಾರನೆಯ ದಿನ ನೋಡಿದರೆ ನನ್ನ ಮೇಜಿನ ಪಕ್ಕದಲ್ಲಿ ಒಂದು ಹೊಸ ಮಣ್ಣಿನ ಹೂಜಿ, ಅದರ ಮೇಲೆ ಲೋಟ.

"ಇನ್ನು ನೀರಿಗೋಸ್ಕರ ನೀವು ಇಳಿಯೋದೇ ಬೇಡ" ಎಂದರು ಸಾಹೇಬರು.

ಜಾರುಬಂಡಿ

ಅಷ್ಟರಲ್ಲಿ ದೆಹಲಿಯಲ್ಲಿ ಕಾನೂನಾಗಿ, ಅದು ಬೆಂಗಳೂರಿಗೆ ಇಳಿದು, ನಿಧಾನವಾಗಿ ಶಿವಮೊಗ್ಗಕ್ಕೂ ಬಂತು. ಕಚೇರಿಗಳಲ್ಲಿ ಅಂಗವಿಕಲರಿಗೆ ರ‍್ಯಾಂಪ್ ಇರಲೇಬೇಕಂತೆ. ಕಂಟ್ರಾಕ್ಟರು ಬಂದ, ಸಿಮೆಂಟು ಕಲಸಿದ, ಹೋದ. ಕಡಿಮೆ ಜಾಗದಲ್ಲಿ ಮುಗಿಸಬೇಕಲ್ಲ, ಅದಕ್ಕೆ ಇಳಿಜಾರು ಹೇಗಿತ್ತೆಂದರೆ ಬೀದಿಯ ಮಕ್ಕಳು ಶಾಲೆ ಬಿಟ್ಟ ಮೇಲೆ ಅದರ ಮೇಲೆ ಜಾರಲು ಬರುತ್ತಿದ್ದರು.

ಮಕ್ಕಳನ್ನು ಓಡಿಸಲು ಸಾಹೇಬರು ತಮ್ಮ ಸ್ಕೂಟರನ್ನು ರ‍್ಯಾಂಪಿಗೆ ಅಡ್ಡ ನಿಲ್ಲಿಸಿದರು. ನೆರಳೂ ಚೆನ್ನಾಗಿತ್ತು. ಅಂದಿನಿಂದ ಅದು ಸಾಹೇಬರ ಸ್ಕೂಟರಿನ ಖಾಯಂ ಜಾಗವಾಯಿತು. ಮಹಡಿ ಮೆಟ್ಟಿಲಿನ ಬುಡ ತಲುಪಲು ನಾನು ಸ್ಕೂಟರಿನ ಪಕ್ಕದಲ್ಲಿ ಓರೆಯಾಗಿ ನುಸುಳುವುದನ್ನು ಕಲಿತೆ.

ಸೌಲಭ್ಯ ಪರಿಶೀಲಿಸಲು ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದರು. ಸ್ಕೂಟರ್ ತೆಗೆಸಿ, ನನ್ನನ್ನು ರ‍್ಯಾಂಪಿನ ಮೇಲೆ ನಿಲ್ಲಿಸಿ ಫೋಟೋ ಹೊಡೆಸಿದರು. ನಾನು ಜಾರದಂತೆ ಹೆಡ್ ಕ್ಲರ್ಕು ಫೋಟೋದಲ್ಲಿ ಕಾಣದ ಹಾಗೆ ಹಿಂದಿನಿಂದ ನನ್ನ ಬೆಲ್ಟು ಹಿಡಿದುಕೊಂಡಿದ್ದರು.

"ಈ ರ‍್ಯಾಂಪ್ ಹತ್ತಿದ್ರೆ ಎಲ್ಲಿಗೆ ಹೋಗುತ್ತೆ?" ಎಂದು ಅಧಿಕಾರಿ ಕೇಳಿದರು.

ಬೀಗ ಹಾಕಿದ ಬಾಗಿಲನ್ನು ತೋರಿಸಿದೆ. ಕಿಟಕಿಯಿಂದ ಬಗ್ಗಿ ನೋಡಿದರು. ಒಳಗೆ ಕಾಲು ಮುರಿದ ಕುರ್ಚಿಗಳು ಸಾಲಾಗಿ ಗೋಡೆಗೆ ಒರಗಿದ್ದವು. ಅಧಿಕಾರಿಗೆ ತೃಪ್ತಿಯಾಗಿರಬೇಕು. ಇಡೀ ಜಿಲ್ಲೆಯಲ್ಲಿ ಕಾಲಿಲ್ಲದವುಗಳಿಗೆ ಬಾಗಿಲ ತನಕ ರ‍್ಯಾಂಪ್ ಇದ್ದ ಕಚೇರಿ ನಮ್ಮದೊಂದೇ ಇರಬೇಕು.

ಆಯುಧ ಪೂಜೆ

ಹಬ್ಬದ ರಜೆಗೆ ಮುಂಚಿನ ದಿನವೇ ನಮ್ಮ ಕಚೇರಿಯಲ್ಲಿ ಆಯುಧ ಪೂಜೆ. ಟೈಪ್‌ರೈಟರಿಗೆ, ಸ್ಟೇಪ್ಲರಿಗೆ, ಪಂಚಿಂಗ್ ಮೆಷಿನ್ನಿಗೆ ವಿಭೂತಿ ಕುಂಕುಮ. ಕೆಳಗೆ ಜೀಪಿಗೆ ಬಾಳೆಕಂದು, ರ‍್ಯಾಂಪಿನ ಮೇಲಿದ್ದ ಸಾಹೇಬರ ಸ್ಕೂಟರಿಗೆ ಚೆಂಡು ಹೂವಿನ ಹಾರ. ಎಲ್ಲರಿಗೂ ಮಂಡಕ್ಕಿ ಖಾರ. ಆ ವರ್ಷ ಹೆಡ್ ಕ್ಲರ್ಕು ನನ್ನ ಬಳಿ ಬಂದು ಕೈ ಚಾಚಿದರು.

"ನಿಮ್ಮ ಆಯುಧ ಕೊಡಿ."

"ಪೆನ್ನಾ ಸಾರ್?"

"ಪೆನ್ನು ಎಲ್ಲರ ಹತ್ರಾನೂ ಇದೆ ಮಾರಾಯ್ರೆ. ಕೋಲು ಕೊಡಿ. ಅದಿಲ್ದೆ ನೀವು ಕೆಲಸಕ್ಕೆ ಬರಕ್ಕಾಗುತ್ತಾ? ಅದೇ ನಿಮ್ಮ ಆಯುಧ."

ಊರುಗೋಲು ಎದುರಿಗೆ ಬಂದರೆ ಅಪಶಕುನವೆಂದು ಪಕ್ಕಕ್ಕೆ ಸರಿದವರನ್ನು ನಾನು ಬೇಕಾದಷ್ಟು ನೋಡಿದ್ದೆ. ಅದಕ್ಕೆ ಹೂವು ಮುಡಿಸಿ ಆರತಿ ಎತ್ತಿದವರನ್ನು ನೋಡಿದ್ದು ಅದೇ ಮೊದಲು. ಮನಸ್ಸು ತುಂಬಿ ಬಂತು. ಮಂಡಕ್ಕಿ ತಿಂದು, ಕಣ್ಣು ಒರೆಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಕೋಲು ಕೇಳಿದೆ.

"ಅಯ್ಯೋ, ಈಗ ಮುಟ್ಟೋ ಹಂಗಿಲ್ಲ" ಎಂದರು ಹೆಡ್ ಕ್ಲರ್ಕು. "ಪೂಜೆಗೆ ಕೂತಿದೆ. ವಿಜಯದಶಮಿ ದಿನ ಬಂದು ಕದಲಿಸ್ತೀನಲ್ಲ, ಆಮೇಲೆ ತಗೊಳ್ಳಿ."

"ನಾನು ಮನೆಗೆ ಹೋಗೋದು ಹೆಂಗೆ? ಜೀಪಿಗೂ ಪೂಜೆ ಆಗಿದೆ, ಅದು ಓಡ್ತಿಲ್ವಾ?"

"ಜೀಪನ್ನ ನಿಂಬೆಹಣ್ಣಿನ ಮೇಲೆ ಹತ್ತಿಸಿದೀವಿ. ಅದಕ್ಕೆ ದೋಷ ಇಲ್ಲ."

"ಹಾಗಾದ್ರೆ ನನ್ನ ಕೋಲನ್ನೂ ನಿಂಬೆಹಣ್ಣಿನ ಮೇಲೆ ಹತ್ತಿಸಿ."

"ಕೋಲಿಗೆ ಚಕ್ರ ಎಲ್ಲಿದೆ ಮಾರಾಯ್ರೆ?"

ಸಾಹೇಬರು ನಡುವೆ ಬಂದರು. ಶಾಸ್ತ್ರ ಮೀರುವುದು ಬೇಡ, ಕುರ್ಚಿಯಲ್ಲಿ ಕೂರಿಸಿ ಕೆಳಗೆ ಇಳಿಸೋಣ, ಅಲ್ಲಿಂದ ಜೀಪಿನಲ್ಲಿ ಭದ್ರಾವತಿಗೆ ಬಿಡಿಸೋಣ ಎಂದರು. ಹೆಡ್ ಕ್ಲರ್ಕು, ಡ್ರೈವರು, ಅಟೆಂಡರು ಮೂವರಾದರು. ನಾಲ್ಕನೆಯವರಾಗಿ ಸಾಹೇಬರೇ ತೋಳು ಮಡಚಿದರು.

"ಇಷ್ಟು ವರ್ಷ ಇವರಿಗೊಂದು ಟೇಬಲ್ ಕೊಡಕ್ಕಾಗ್ಲಿಲ್ಲ, ಹೆಗಲಾದ್ರೂ ಕೊಡ್ತೀನಿ."

"ಬಿಡ್ತು ಅನ್ನಿ ಸಾರ್!" ಎಂದು ಟೈಪಿಸ್ಟ್ ಮೇಡಂ ಕಿರುಚಿದರು.

ನಾಲ್ವರು ಹೊತ್ತರು. ನಾನು ದೇವರ ಹಾಗೆ ಕೈಕಾಲು ಆಡಿಸದೆ ಕೂತಿದ್ದೆ. ಮೆಟ್ಟಿಲು ತಿರುಗುವ ಜಾಗಕ್ಕೆ ಬಂದಾಗ ಸಾಹೇಬರ ಸೊಂಟದಿಂದ ಲಟಕ್ಕೆಂದು ಸದ್ದು ಬಂತು. ಕುರ್ಚಿಯನ್ನು ಅಲ್ಲೇ ಇಳಿಸಿದರು. ಸಾಹೇಬರು ಬಗ್ಗಿದವರು ಬಗ್ಗಿದಂತೆಯೇ ಉಳಿದರು. ಮೇಲೂ ಹತ್ತಲಾರರು, ಕೆಳಗೂ ಇಳಿಯಲಾರರು. ಕೊನೆಗೆ ನನ್ನ ಪಕ್ಕದ ಮೆಟ್ಟಿಲಿನ ಮೇಲೆ ಹೇಗೋ ಕೂತು, ಕೆಳಗಿನ ಮೆಟ್ಟಿಲುಗಳನ್ನು ದಿಗಿಲಿನಿಂದ ನೋಡಿದರು.

"ಏನ್ರೀ ಇದು, ಇಷ್ಟು ಮೆಟ್ಟಿಲಿದಾವೆ! ಇದನ್ನ ನೀವು ದಿನಾ ಹತ್ತಿ ಇಳಿತೀರಾ?"

"ಹೌದು ಸಾರ್."

"ಯಾರೂ ನಂಗೆ ಹೇಳೇ ಇಲ್ವಲ್ರೀ."

ಅಷ್ಟರಲ್ಲಿ ಹೆಡ್ ಕ್ಲರ್ಕು ಮೇಲಕ್ಕೆ ಓಡಿ, ನನ್ನ ಊರುಗೋಲನ್ನು ಹೂವು ಕುಂಕುಮದ ಸಮೇತ ಎತ್ತಿಕೊಂಡು ಬಂದರು. ಸದ್ಯ, ಮನುಷ್ಯ ಕರಗಿದ ಎಂದುಕೊಂಡು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಅದನ್ನು ಸಾಹೇಬರ ಕಂಕುಳಿಗೆ ಸಿಕ್ಕಿಸಿದರು.

"ಮುಟ್ಟಬಾರದು ಅಂದ್ರಲ್ಲ!" ಎಂದೆ.

"ಸಾಹೇಬ್ರ ವಿಷಯ ಮಾರಾಯ್ರೆ. ಆಪದ್ಧರ್ಮ."

ಸಾಹೇಬರು ನನ್ನ ಕೋಲೂರಿಕೊಂಡು ಇಳಿದು, ನನಗಾಗಿ ಕಾಯುತ್ತಿದ್ದ ಜೀಪಿನಲ್ಲಿ ಮನೆಗೆ ಹೋದರು. ಉಳಿದ ಮೂವರು ನನ್ನನ್ನು ಆಟೋದವರೆಗೆ ಹೊತ್ತರು.

ಸಾಹೇಬರಿಗೆ ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದರಂತೆ. ಅವರಿಗೆ ಯಾರೂ ಸೀಲು ಕೇಳಲಿಲ್ಲ. ವರ್ಷಗಟ್ಟಲೆ ಹರಾಜಿಗೆ ಕಾದಿದ್ದ ಕುರ್ಚಿಗಳು, ಕಾಲು ಸರಿ ಇಲ್ಲದಿದ್ದರೂ, ಒಂದೇ ಬೆಳಗ್ಗೆ ಮಹಡಿ ಹತ್ತಿದವು. ಇಡೀ ಕಚೇರಿ ಕೆಳಗಿನ ಕೋಣೆಗೆ ಬಂತು, ಅದರ ಜೊತೆಗೆ ನನ್ನ ಮೇಜೂ ಬಂತು. ಕಾನೂನಿನ ಕೈಯಲ್ಲಿ ಆಗದ್ದು ಸಾಹೇಬರ ಸೊಂಟದಿಂದ ಆಯಿತು. ಮೊದಲ ದಿನ ಕಿಟಕಿ ಪಕ್ಕ ಕೂತು ಹೂಜಿಯ ನೀರನ್ನು ಲೋಟದ ಮೇಲೆ ಲೋಟ ಕುಡಿದೆ. ಅಂಥ ರುಚಿಯ ನೀರನ್ನು ಆಮೇಲೆ ಕುಡಿದಿಲ್ಲ.

ಸೊಂಟದ ರಜೆ ಮುಗಿಸಿ ಸಾಹೇಬರು ಆಟೋದಲ್ಲಿ ಬಂದಿಳಿದರು. ಕಂಕುಳಲ್ಲಿ ಇನ್ನೂ ನನ್ನ ಕೋಲು. ನಾನು ಹೊಸದು ಕೊಂಡಿದ್ದೆ. ಬಾಗಿಲ ಮುಂದಿನ ಮೆಟ್ಟಿಲು ನೋಡಿ ತಲೆ ಅಲ್ಲಾಡಿಸಿ, ರ‍್ಯಾಂಪಿನ ಕಡೆ ತಿರುಗಿದವರು ಅಲ್ಲೇ ನಿಂತು ಗುಡುಗಿದರು.

"ಯಾವನ್ರೀ ಅವನು, ರ‍್ಯಾಂಪಿಗೆ ಅಡ್ಡ ಸ್ಕೂಟರ್ ನಿಲ್ಲಿಸಿರೋನು? ಅಂಗವಿಕಲರು ಓಡಾಡೋ ಜಾಗ ಅನ್ನೋ ಜ್ಞಾನ ಬೇಡ್ವಾ?"

ಇಡೀ ಕಚೇರಿ ಬಾಗಿಲಿಗೆ ಬಂತು. ಒಣಗಿದ ಚೆಂಡು ಹೂವಿನ ಹಾರ ಹಾಕಿಕೊಂಡು ಸ್ಕೂಟರು ನಿಂತೇ ಇತ್ತು. ಹೆಡ್ ಕ್ಲರ್ಕು ಕೈ ಮುಗಿದು ಮೆಲ್ಲಗೆ ಹೇಳಿದರು:

"ನಿಮ್ದೇ ಸಾರ್. ಪೂಜೆಗೆ ಇಟ್ಟಿದ್ದಲ್ವಾ, ತಾವು ಬಂದು ಕದಲಿಸ್ಲಿ ಅಂತ ಯಾರೂ ಮುಟ್ಟಿಲ್ಲ."