ಅನಗೋಳದ ಮಾರುತಿರಾವ

ಮುತ್ತಪ್ಪನಿಗೆ ಬಾಡಿಗೆ ಮನೆ ಬೇಕಾಗಿತ್ತು, ಅದೂ ಆ ರವಿವಾರ ಸಂಜೆಯೊಳಗೆ. ಅಂಥ ದಿನ ಬೆಳಿಗ್ಗೆ ಎದ್ದು ಯಾರಾದರೂ ಇಂಗ್ಲಿಷ್ ಸಿನಿಮಾಕ್ಕೆ ಹೋಗುತ್ತಾರೆಯೇ? ಮುತ್ತಪ್ಪ ಹೋದ. ಯಾಕೆಂದರೆ ಅವನ ಆಫೀಸಿನ ಬಸವಪ್ರಸಾದ ಆಗಲೇ ಟಿಕೀಟು ತೆಗೆಸಿಬಿಟ್ಟಿದ್ದ. ಬಸವಪ್ರಸಾದ ಒಮ್ಮೆ ರಟ್ಟೆ ಹಿಡಿದು ಎಳೆದನೆಂದರೆ ಬಿಡುವ ಪೈಕಿ ಅಲ್ಲ.

ಮನೆಯ ಕತೆ ಇಷ್ಟು. ಮುತ್ತಪ್ಪ ವಡಗಾವಿಯಲ್ಲಿ ಒಂದು ಮಗ್ಗದ ಕಾರ್ಖಾನೆಯ ಮಾಳಿಗೆಯ ಮೇಲಿನ ಖೋಲಿಯಲ್ಲಿದ್ದ. ಮದುವೆಯಾಗಿ ಬಂದ ಪ್ರಮಿಳಾ ಅಲ್ಲಿ ಕೆಲವು ದಿನ ಇದ್ದು ನೋಡಿದಳು. "ಈ ಖಟಖಟದಾಗ ನನ್ನ ಮಾತು ನನಗ ಕೇಳಸೂದಿಲ್ಲ, ನಿಮಗೇನು ಕೇಳಸತೈತಿ" ಎಂದು ಖಾನಾಪುರದ ತೌರಿಗೆ ಹೋದಳು. ಈಗ ಅಲ್ಲಿಂದ ಫೋನು ಬಂದಿತ್ತು. "ರವಿವಾರ ಸಂಜೀಕ ಬರ್ತೀನ್ರಿ. ಬ್ಯಾರೆ ಮನಿ ಆಗಿದ್ರ ಇರ್ತೀನಿ. ಇಲ್ಲಾಂದ್ರ ನೀವ ನನ್ನ ಕೂಡ ಖಾನಾಪುರಕ್ಕ ಬಂದ್ಬಿಡ್ರಿ. ನಮ್ಮಪ್ಪ ಮುಂದಿನ ಖೋಲಿಗೆ ಸುಣ್ಣಾ ಹೊಡಿಸ್ಯಾನ."

ಮಾವ ಮಾಯಪ್ಪ ಸುಣ್ಣ ಹೊಡೆಸಿದ್ದು ಕೇಳಿ ಮುತ್ತಪ್ಪ ಬೆದರಿದ. ಮನೆ ಅಳಿಯ ಎಂಬ ಹೆಸರು ಒಮ್ಮೆ ಬಿದ್ದರೆ ಮಲಪ್ರಭೆಯಲ್ಲಿ ತೊಳೆದರೂ ಹೋಗುವುದಿಲ್ಲ. ಏನು ಬೇಕಾದರೂ ಮಾಡುತ್ತೇನೆ, ಆ ಸುಣ್ಣದ ಖೋಲಿಗೆ ಕಾಲಿಡುವುದಿಲ್ಲ ಎಂದು ಅವನು ನಿಶ್ಚಯಿಸಿದ್ದ.

ಸಿನಿಮಾ ಅಮೆರಿಕದ ಒಂದು ದೊಡ್ಡ ಶಹರದ್ದು. ಬಿಳಿಯ ಡಾಕ್ಟರನಿಗೆ ಕರಿಯ ಪೇಷಂಟಿನ ಮೇಲೆ ಸಂಶಯ, ಕರಿಯ ಪೊಲೀಸನಿಗೆ ಚೀನೀ ಅಂಗಡಿಯವನ ಮೇಲೆ ಸಂಶಯ, ಅಂಗಡಿಯವನಿಗೆ ಟ್ಯಾಕ್ಸಿ ಓಡಿಸುವ ಪಂಜಾಬಿಯ ಮೇಲೆ ಸಂಶಯ. ಹೀರೋ ಯಾರೆಂದು ತಿಳಿಯುವಷ್ಟರಲ್ಲಿ ಇಂಟರ್ವಲ್ ಆಯಿತು. ಕೊನೆಗೆ ಎಲ್ಲರೂ ಆಸ್ಪತ್ರೆಯ ಒಂದೇ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು, ಕರೆಂಟು ಹೋಗಿ, ಕತ್ತಲಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಅತ್ತರು. ಮುತ್ತಪ್ಪನೂ ಅತ್ತ.

ಹೊರಗೆ ಬಂದು ಚಹಾ ಕುಡಿಯುತ್ತ ಅವನು ಎದೆಯುಬ್ಬಿಸಿ ಹೇಳಿದ: "ನಮ್ಮ ಬೆಳಗಾವಿ ಪುಣ್ಯಾದ ಊರು ನೋಡು. ಮಾರಿ ನೋಡಿ ಮಣಿ ಹಾಕೂ ಚಟ ನಮಗಿಲ್ಲ. ನಡಿ, ಒಂದ ತಾಸಿನ್ಯಾಗ ಮನಿ ಹುಡುಕೂಣು."

ಬಸವಪ್ರಸಾದನ ಸ್ಕೂಟರಿನಲ್ಲಿ ಅನಗೋಳದ ಓಣಿ ಓಣಿ ತಿರುಗಿದರು. ಒಂದು ಹೆಂಚಿನ ಮನೆಯ ಬಾಗಿಲಿಗೆ ಪಾಟಿ ತೂಗುಹಾಕಿತ್ತು. ಖೋಲಿ ಬಾಡಿಗೆಗೆ ಇದೆಯೆಂದು ಅದರ ಮೇಲೆ ಮರಾಠಿಯಲ್ಲಿ ಬರೆದಿತ್ತು.

"ಗಾಡಿ ತಿರುಗಸು," ಎಂದ ಮುತ್ತಪ್ಪ. "ಮರಾಠಿ ಮಂದಿ. ನಮಗೆಲ್ಲಿ ಕೊಡ್ತಾರ."

ಪುಣ್ಯದ ಊರೆಂದು ಹೊಗಳಿದ ಬಾಯಲ್ಲಿ ಚಹಾದ ರುಚಿ ಇನ್ನೂ ಆರಿರಲಿಲ್ಲ. ಬಸವಪ್ರಸಾದ ಗಾಡಿ ತಿರುಗಿಸಲಿಲ್ಲ. "ಈಗ ನೋಡಿದ ಸಿನಿಮಾ ಏನ ಹೇಳ್ತು? ಮಂದಿ ಮಾರಿ ನೋಡಿ ತೀರ್ಮಾನ ಮಾಡ್ತಾರ ಅಂತ ಹೇಳ್ತು. ಹಂಗಾದ್ರ ಅವರಿಗೆ ಬೇಕಾದ ಮಾರಿ ತೋರಸು. ಹಣೀ ಮ್ಯಾಲಿನ ಅರಿಷಿಣದ ಭಂಡಾರ ಒರಸು. ಹೆಸರು ಮಾರುತಿರಾವ ಅಂತ ಹೇಳು. ಏನ ಕೇಳಿದ್ರೂ 'ಹೋ' ಅನ್ನು. ಮರಾಠಿಯೊಳಗ ಹೌದು ಅಂದ್ಹಂಗ. ಹೌದು ಅನ್ನಾಂವಗ ಯಾರೂ ಇಲ್ಲ ಅನ್ನೂದಿಲ್ಲ."

ಪಾರಿಶ್ವಾಡದಿಂದ ನೌಕರಿಗೆಂದು ಬಂದ ಮುತ್ತಪ್ಪನಿಗೆ ಮರಾಠಿ ಬರುತ್ತಿದ್ದದ್ದು ಬಸ್ಸಿನ ಬೋರ್ಡು ಓದುವಷ್ಟು. ಆದರೂ ಕಣ್ಣ ಮುಂದೆ ಸುಣ್ಣದ ಖೋಲಿ ಬಂತು. ಮನೆದೇವರು ಬೀರಪ್ಪನಿಗೆ ಮನಸ್ಸಿನಲ್ಲೇ ತಪ್ಪುಕಾಣಿಕೆ ಹೇಳಿಕೊಂಡು ಹಣೆಯ ಭಂಡಾರ ಒರೆಸಿ ಬಾಗಿಲು ತಟ್ಟಿದ. ಬಸವಪ್ರಸಾದ ಮೂಲೆಯ ಪಾನಂಗಡಿಗೆ ಸರಿದುಕೊಂಡ.

ಬಾಗಿಲು ತೆಗೆದವಳು ವಯಸ್ಸಾದ ಹೆಂಗಸು. ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡಿದ್ದಳು. "ಬಸಾ," ಎಂದು ಕಟ್ಟೆ ತೋರಿಸಿದಳು. ಮುತ್ತಪ್ಪ ಕೂತ. "ಮಾರುತಿರಾವ," ಎಂದು ತನ್ನ ಎದೆ ಮುಟ್ಟಿಕೊಂಡ. ಆಕೆ ತಲೆಯಾಡಿಸಿದಳು. ಅವನು ನಳದ ಕಡೆ ಬೊಟ್ಟು ಮಾಡಿ "ಪಾಣಿ?" ಎಂದ. "ಹೋ," ಎಂದಳು. ಆಕೆ ಬಾಗಿಲ ಕಡೆ ನೋಡಿ "ಬಾಯ್ಕೋ?" ಎಂದಳು. ಹೆಂಡತಿಯನ್ನು ಕೇಳುತ್ತಿದ್ದಾಳೆಂದು ಇವನಿಗೆ ಹೊಳೆಯಿತು. "ಹೋ, ಹೋ," ಎಂದ. ಅಷ್ಟಕ್ಕೆ ಇಬ್ಬರ ಮಾತೂ ಮುಗಿಯಿತು. ಆಮೇಲೆ ಇಬ್ಬರೂ ಅಂಗಳದ ತುಳಸಿಯನ್ನು ನೋಡುತ್ತ ಕೂತರು. ಮಾತು ಕಡಿಮೆ, ಮನುಷ್ಯಳು ಚಲೋ ಎಂದುಕೊಂಡ ಮುತ್ತಪ್ಪ. ಸ್ವಲ್ಪ ಹೊತ್ತಿಗೆ ಆಕೆ ಎದ್ದು ಹೋಗಿ ಕೀಲಿಕೈ ತಂದು ಅವನ ಅಂಗೈಯಲ್ಲಿಟ್ಟಳು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಪ್ರಮಿಳಾ ಟ್ರಂಕು ಹಿಡಿದು ಇಳಿದಾಗ ಮುತ್ತಪ್ಪ ಕೀಲಿಕೈಯನ್ನು ಬೆರಳಿಗೆ ಸಿಕ್ಕಿಸಿ ಗಿರಗಿರ ತಿರುಗಿಸುತ್ತ ನಿಂತಿದ್ದ. ಆಟೋದಲ್ಲಿ ಎಲ್ಲ ತಿಳಿಸಿ ಹೇಳಿದ. "ಅಲ್ಲಿ ನಾ ಮಾರುತಿರಾವ. ನೀ ಬರೇ ಮರಾಠಿ ಮಾತಾಡು. ಬಾಕಿ ನಾ ಎಲ್ಲಾ ಜಮಾಸೇನಿ."

ಪ್ರಮಿಳಾಗೆ ಅದೇನು ದೊಡ್ಡ ಮಾತಲ್ಲ. ಖಾನಾಪುರದಲ್ಲಿ ಬೆಳೆದವಳು. ಮನೆಯಲ್ಲಿ ಕನ್ನಡ, ಅಂಗಳಕ್ಕೆ ಇಳಿದರೆ ಮರಾಠಿ. ಹೊಸ್ತಿಲು ದಾಟುವಾಗಲೇ ಮುದುಕಿಯ ಕಾಲಿಗೆ ನಮಸ್ಕಾರ ಮಾಡಿ, ನೀರು ದಿನಾಲೂ ಬರುತ್ತದೆಯೋ ಅಥವಾ ದಿನ ಬಿಟ್ಟು ದಿನವೋ ಎಂದು ಮರಾಠಿಯಲ್ಲಿ ಕೇಳಿದಳು.

"ಹೋ," ಎಂದಳು ಮುದುಕಿ.

ಪ್ರಮಿಳಾ ಗಂಡನ ಮುಖ ನೋಡಿದಳು. "ಹೋ," ಎಂದ ಕಟ್ಟೆಯ ಮೇಲೆ ಕೂತಿದ್ದ ಮಾರುತಿರಾವ.

ಅವಳಿಗೆ ಏನೋ ವಾಸನೆ ಬಡಿಯಿತು. ಈ ಸಲ ಇನ್ನೂ ಮೃದುವಾಗಿ, ಅದೇ ಮರಾಠಿಯಲ್ಲಿ ಕೇಳಿದಳು: ತೌರಿನಿಂದ ನನ್ನ ಎರಡು ಎಮ್ಮೆ ಬರುತ್ತವೆ, ಒಂದನ್ನು ಅಡಿಗೆಮನೆಯಲ್ಲಿ, ಇನ್ನೊಂದನ್ನು ನಿಮ್ಮ ದೇವರ ಖೋಲಿಯಲ್ಲಿ ಕಟ್ಟುತ್ತೇನೆ, ನಡೆಯುತ್ತದಲ್ಲ?

"ಹೋ, ಹೋ," ಎಂದಳು ಮುದುಕಿ ಪ್ರೀತಿಯಿಂದ. "ಹೋ," ಎಂದು ಮುತ್ತಪ್ಪನೂ ನಕ್ಕ.

ಪ್ರಮಿಳಾ ಟ್ರಂಕಿನ ಮೇಲೆ ಕುಸಿದು ಕೂತಳು. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. "ಏನ್ರೀ ಇದು. ಇಬ್ಬರಿಗೂ ಮರಾಠಿ ಬರೂದಿಲ್ಲ, ಇಬ್ಬರೂ ಮರಾಠಿ ಆಗಿ ಕುಂತೀರಿ. ಅಜ್ಜಿ, ನಿಮ್ಮ ದೇವರ ಖೋಲಿಯೊಳಗ ಎಮ್ಮಿ ಕಟ್ಟತೀನಿ ಅಂದೆ ನಾ."

ಮುದುಕಿ ಗಾಬರಿಯಾಗಿ ಹಣೆಗೆ ಕೈ ಹಚ್ಚಿಕೊಂಡಳು. ಸೆರಗು ಜಾರಿತು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಬೆಳ್ಳಗೆ ಹೊಳೆಯಿತು. "ಅಯ್ಯ ಶಿವನ. ನೀವು ಕನ್ನಡದವರೇನು?"

"ನೀವೂ ಕನ್ನಡದವರೇನ್ರಿ?" ಮುತ್ತಪ್ಪ ಕಟ್ಟೆಯಿಂದ ಎದ್ದೇ ನಿಂತ. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸುಳ್ಳು ಹೇಳುವ ಕಷ್ಟ ತಪ್ಪಿತು, ಮನೆ ಗಟ್ಟಿಯಾಯಿತು. "ನಾ ಮುತ್ತಪ್ಪ. ಪಾರಿಶ್ವಾಡದಾಂವ."

"ನಾ ಶಿವಲಿಂಗವ್ವ," ಎಂದಳು ಮುದುಕಿ. ನಿಟ್ಟುಸಿರು ಬಿಟ್ಟು ಕೈ ಚಾಚಿದಳು. "ತಾ ಇಲ್ಲಿ ಕೀಲಿಕೈ."

"ಯಾಕ್ರಿ?"

"ನಮ್ಮ ಮಂದಿಗೆ ಬಾಡಿಗಿ ಕೊಡಬಾರದು ಅಂತನ ಬಾಜು ಮನಿ ಕಾಂತಾನ ಕಡೆ ಪಾಟಿ ಮರಾಠಿಯೊಳಗ ಬರಿಸೀನಿ. ಮೊದಲ ಬಂದ ಬಾಡಿಗಿಯವರು ನಮ್ಮವರ ಇದ್ರು. ವಾರ ಆಗೂದ್ರಾಗ ಸಂಬಂಧ ಹುಡುಕಿ ನನ್ನ ಅತ್ತಿ ಮಾಡಿದ್ರು. ಅತ್ತಿ ಆದ ಮ್ಯಾಲ ಒಣಾ ಹಾಕಿದ ಹಪ್ಪಳಾ ಅವರದು, ಬಚ್ಚಲದ ಬಿಸಿನೀರು ಅವರದು. ಮನಿ ಬಿಡ್ರಿ ಅಂದ್ರ ಮೂರೂರ ಹಿರೇರು ಬಂದು ನನಗ ಬುದ್ಧಿ ಹೇಳಿ ಹ್ವಾದ್ರು. ಪರಕೀಯರಿಗೆ ಬಿಡ್ರಿ ಅನ್ನಬಹುದಪಾ, ನಮ್ಮವರಿಗೆ ಹೆಂಗ ಅನ್ನೂದು?"

ಮುತ್ತಪ್ಪ ಕೀಲಿಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ವಾದಕ್ಕಿಳಿದ. "ನಾವು ನಿಮ್ಮ ಪೈಕಿ ಅಲ್ಲರಿ. ನೀವು ಬಸವಣ್ಣನವರು, ನಾವು ಬೀರಪ್ಪನವರು. ಅಜ್ಜ ಮುತ್ತ್ಯಾನ ಕಾಲದಿಂದ ಕುರಿ ಕಾಯ್ದ ಮಂದಿ. ಸಂಬಂಧ ಎಲ್ಲಿಂದ ಬರಬೇಕು?"

"ಪಾರಿಶ್ವಾಡ ಅಂದೀ ಅಲ್ಲ. ನನ್ನ ತೌರು ಇಟಗಿ."

ಇಟಗಿಯೆಂದರೆ ಪಾರಿಶ್ವಾಡದ ಬಾಜು ಊರು.

"ನೋಡಿದಿ?" ಎಂದಳು ಶಿವಲಿಂಗವ್ವ. ಆಕೆಯ ಕಣ್ಣಲ್ಲಿ ನೀರಾಡಿತು. "ತೌರಿನ ಕಡಿ ಹುಡುಗ. ನೀ ನನಗ ತಮ್ಮ ಆದಿ. ಈಕಿ ತಮ್ಮನ ಹೇಂತಿ. ತಮ್ಮನ ಕಡೆ ಬಾಡಿಗಿ ಇಸಗೊಂಡ್ರ ಇಟಗ್ಯಾಗ ಮಾರಿ ಹೆಂಗ ತೋರಸಲಿ? ಇಸಗೊಳ್ಳದ ಇದ್ರ ನಾ ಏನ ತಿನ್ನಲಿ? ಬರ್ರಿ, ಮೊದಲ ಕೈಕಾಲು ತೊಳಕೋರಿ. ಉಣ್ಣದ ಹೋಗಾಕ ಬಿಡೂದಿಲ್ಲ."

ಬಿಸಿ ರೊಟ್ಟಿ, ಝುಣಕ, ಶೇಂಗಾ ಹಿಂಡಿ. ಮುತ್ತಪ್ಪ ಸಾಕೆಂದರೂ ಆಕೆ ಬಿಡಲಿಲ್ಲ. ಊಟವಾದ ಮೇಲೆ ಪ್ರಮಿಳಾಳನ್ನು ಮಣೆಯ ಮೇಲೆ ಕೂಡಿಸಿ, ಕುಪ್ಪಸದ ಖಣ, ಅಕ್ಕಿ, ತೆಂಗಿನಕಾಯಿ ಹಾಕಿ ಉಡಿ ತುಂಬಿದಳು. ಕೀಲಿಕೈಯನ್ನು ಮಾತ್ರ ಮರೆಯದೆ ಇಸಕೊಂಡಳು. ಓಣಿಯ ಮೂಲೆಯವರೆಗೂ ಬಂದು, "ಪಂಚಮಿಗೆ ಬರಬೇಕು ನೋಡಪಾ" ಎಂದು ಕಣ್ಣೊರೆಸಿಕೊಂಡಳು.

ಖಾನಾಪುರದ ಬಸ್ಸು ತುಂಬಿತ್ತು. ಮುತ್ತಪ್ಪ ಟ್ರಂಕಿನ ಮೇಲೆ, ತೊಡೆಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಕೂತಿದ್ದ.

"ಮುಂಜಾನಿ ಸಿನಿಮಾ ನೋಡೀರಲ್ಲ, ಏನಿತ್ತರಿ ಅದರಾಗ?" ಎಂದು ಪ್ರಮಿಳಾ ಕೇಳಿದಳು.

"ಮಂದಿ ಬ್ಯಾರೆಯವರನ್ನ ನಂಬೂದಿಲ್ಲ ಅಂತ ಇತ್ತು."

"ಮತ್ತ ತಮ್ಮವರನ್ನ?"

"ಅಷ್ಟು ಉದ್ದಾ ತಗದಿಲ್ಲ ಅವರು," ಎಂದು ಮುತ್ತಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ.

ಖಾನಾಪುರದ ಸ್ಟ್ಯಾಂಡಿನಲ್ಲಿ ಮಾವ ಮಾಯಪ್ಪ ಮೊದಲೇ ಬಂದು ನಿಂತಿದ್ದ. ಅಂಗಿಯ ತೋಳಿಗೆ ಇನ್ನೂ ಸುಣ್ಣ ಹತ್ತಿತ್ತು. ಮಗಳ ತುಂಬಿದ ಉಡಿ, ಅಳಿಯನ ಕೈಯಲ್ಲಿನ ತೆಂಗಿನಕಾಯಿ ನೋಡಿ ಅವನ ಮುಖ ಸಣ್ಣದಾಯಿತು. "ಉಡಿ ತುಂಬಿಸಿಕೊಂಡು ಬಂದೀರಿ ಅಂದ್ರ ಮನಿ ಸಿಕ್ತು ಅನ್ರಿ, ಅಳಿಯಂದಿರ."

ಮುತ್ತಪ್ಪ ತೆಂಗಿನಕಾಯಿಯನ್ನು ಮಾವನ ಕೈಗೆ ಕೊಟ್ಟು, ಟ್ರಂಕು ಎತ್ತಿ ಹೆಗಲ ಮೇಲಿಟ್ಟುಕೊಂಡ.

"ಮನಿ ಸಿಗಲಿಲ್ಲರಿ ಮಾವಾರ," ಎಂದ. "ಅಕ್ಕ ಸಿಕ್ಕಳು."