ಜಾಗ ಖಾಲಿ ಮಾಡಿಸುವ ಕೆಲಸ

ಎಪ್ಪತ್ತರ ದಶಕದಲ್ಲಿ ಮುಂಬಯಿಯ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ನಾನು ಪ್ರೋಗ್ರಾಂ ಬರೆಯುತ್ತಿದ್ದೆ. ಯಂತ್ರ ಕೋಣೆ ತುಂಬುವಷ್ಟು ದೊಡ್ಡದು, ಅದರ ನೆನಪು ಮಾತ್ರ ಅಂಗೈಯಗಲ. ಇಂಥ ಕಡೆ ಫಜೀತಿ ಆಗದೆ ಇನ್ನೇನಾದೀತು?

೧. ಪೇಡೆ

ಯಂತ್ರದ ನೆನಪಿನಲ್ಲಿ ಪ್ರತಿ ವಿವರಕ್ಕೂ ಒಂದು ಜಾಗ. ಅದು ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಎಣಿಕೆ ಅದರ ಜೊತೆಗೇ ಇರುತ್ತಿತ್ತು. ಎಣಿಕೆ ಸೊನ್ನೆಯಾದರೆ ಆ ಜಾಗ ಬೇರೆಯದಕ್ಕೆ. ಧಾರವಾಡದಿಂದ ಹೊಸದಾಗಿ ಬಂದಿದ್ದ ಹೆಂಡತಿ ನನ್ನ ಕೆಲಸವೇನೆಂದು ಕೇಳಿದಾಗ ಇದನ್ನೇ ಹೇಳಿದೆ. ಅವಳು ಮುಲುಂಡಿನಲ್ಲಿ ಬಾಡಿಗೆ ಕೋಣೆಗಳ ನಮ್ಮ ಚಾಳಿನ ನಲ್ಲಿಯ ಹತ್ತಿರ ಅದನ್ನು ಚುಟುಕಾಗಿಸಿದಳು: "ನಮ್ಮ ಮನಿಯವರು, ಯಾರೂ ಬಳಸಲಾರದ ಜಾಗಾ ಖಾಲಿ ಮಾಡಸ್ತಾರ್ರಿ."

ನೆರೆಯವರು ನನ್ನೊಡನೆ ಮಾತು ಬಿಟ್ಟರು. ಬೀಗ ಜಡಿದಿದ್ದ ಕೋಣೆಯವನು ಊರಿನಿಂದ ಓಡಿಬಂದು ಸಂಸಾರ ಹೂಡಿದ. ಭಾನುವಾರ ಚಾಳಿನ ಮಾಲೀಕನೇ ಪೇಡೆಯ ಡಬ್ಬಿ ಹಿಡಿದು ಬಂದ. ಕಂಪ್ಯೂಟರಿನ ವಿಷಯ ಬಿಡಿಸಿ ಹೇಳಿದ ಮೇಲೆ ಇಡೀ ಚಾಳು ಸಮಾಧಾನದ ಉಸಿರು ಬಿಟ್ಟಿತು. ಮಾಲೀಕ ಮಾತ್ರ ಡಬ್ಬಿಯನ್ನು ವಾಪಸ್ ತೆಗೆದುಕೊಂಡು ಹೋದ.

೨. ಲೆಕ್ಕಕ್ಕಿಲ್ಲದವರು

ಪರೇಲಿನ ಒಂದು ಬಟ್ಟೆ ಗಿರಣಿಯ ಜನ, ಯಂತ್ರ ಎಲ್ಲದರ ವಿವರ ಇಡುವ ಪ್ರೋಗ್ರಾಂ ಬರೆದೆವು. ಗಿರಣಿಯ ಮ್ಯಾನೇಜರು ನೋಡಲು ಬಂದ ದಿನವೇ ಜಾಗ ಸಾಲದೆ ಕಂಪ್ಯೂಟರ್ ನಿಂತಿತು. ಉಡುಪಿ ಕಡೆಯ ನನ್ನ ಸಹೋದ್ಯೋಗಿ ಕಾರಣ ಹುಡುಕಿದಳು. ಗಿರಣಿಯ ಪ್ರತಿ ವಿಭಾಗದ ವಿವರ ತನ್ನ ಮುಖ್ಯಸ್ಥರಾದ ಮಾಸ್ಟರರ ವಿವರಕ್ಕೆ ಕೊಂಡಿ ಹಾಕಿಕೊಂಡಿತ್ತು, ಮಾಸ್ಟರರ ವಿವರ ವಿಭಾಗದ್ದಕ್ಕೆ. ವಿಭಾಗ ಮುಚ್ಚಿಹೋಗಿ ಬೇರಾರಿಗೂ ಬೇಡವಾದರೂ ಎರಡರ ಎಣಿಕೆಯೂ ಸೊನ್ನೆಗೆ ಇಳಿಯುತ್ತಿರಲಿಲ್ಲ. ಒಂದು ಕಡೆಯ ಕೊಂಡಿಯನ್ನು ಎಣಿಸದೆ ಬಿಟ್ಟರೆ ಆಯಿತು ಎಂದಳು. ಹಾಗೇ ಮಾಡಿದೆವು. ಕಂಪ್ಯೂಟರ್ ಓಡಿತು, ನಮಗೆ ಹೋದ ಜೀವ ಬಂತು.

ಏನು ಮಾಡಿದಿರಿ ಎಂದು ಮ್ಯಾನೇಜರು ಕೇಳಿದರು.

"ಇನ್ನು ಮುಂದೆ ವಿಭಾಗದವರು ಮಾಸ್ಟರರನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋದಿಲ್ಲ ಸರ್," ಎಂದೆ.

"ನಮ್ಮಲ್ಲಿ ಮೊದಲಿನಿಂದಲೂ ಹಾಗೇ ಇದೆ," ಎಂದರು ಅವರು.

೩. ಹೊಸ ಮಾಸ್ಟರು

ಎಣಿಕೆಗೆ ಸೇರದ ಕೊಂಡಿಯನ್ನು ನಂಬಿ ಹೋಗುವ ಮೊದಲು, ಅದು ತೋರಿಸುವ ವಿವರ ಇನ್ನೂ ಅಲ್ಲಿದೆಯೇ ಎಂದು ನೋಡಬೇಕು. ಅವಸರದಲ್ಲಿ ಅದೊಂದು ಬಿಟ್ಟುಹೋಗಿತ್ತು. ನೇಯ್ಗೆ ವಿಭಾಗದ ಮಾಸ್ಟರರು ನಿವೃತ್ತರಾದರು. ಅವರ ವಿವರ ಅಳಿಸಿಹೋಗಿ, ಆ ಜಾಗ ಗಿರಣಿಯ ಒಂದು ನೀರಿನ ಪಂಪಿನ ವಿವರಕ್ಕೆ ಸಿಕ್ಕಿತು. ವಿಭಾಗದ ಕೊಂಡಿ ಮಾತ್ರ ಇನ್ನೂ ಅದೇ ಜಾಗವನ್ನು ತೋರಿಸುತ್ತಿತ್ತು. ಹೀಗಾಗಿ ಗಿರಣಿಗೆ ಹೋದ ವರದಿಯಲ್ಲಿ ನೇಯ್ಗೆ ಮಾಸ್ಟರರ ಬಗ್ಗೆ ಇಷ್ಟು ಅಚ್ಚಾಗಿತ್ತು: "ಬಹಳ ಹಳೆಯದು. ಸದ್ದು ಹೆಚ್ಚು, ಕೆಲಸ ಕಡಿಮೆ. ಕಳಚಿ ಮೂಲೆಗಿಡುವುದು ಒಳ್ಳೆಯದು."

ಮ್ಯಾನೇಜರು ಹೇಳಿಕಳಿಸಿದರು. ಲೋಕಲ್ ರೈಲು ಪರೇಲ್ ಮುಟ್ಟುವಷ್ಟರಲ್ಲಿ, ಹೊಸ ನೌಕರಿಗೆ ಯಾರ ಕಾಲು ಹಿಡಿಯಬೇಕೆಂದು ಯೋಚಿಸಿ ಮುಗಿಸಿದ್ದೆ. ಅವರು ಬಾಗಿಲು ಹಾಕಿ, ಇದನ್ನು ಬರೆದವರು ಯಾರು ಎಂದು ಕೇಳಿದರು. ಮನುಷ್ಯರಾರೂ ಬರೆದಿಲ್ಲ, ಯಂತ್ರವೇ ಬರೆದದ್ದು ಎಂದೆ.

ಅವರು ಕುರ್ಚಿಗೆ ಒರಗಿ ವರದಿಯನ್ನು ಮತ್ತೊಮ್ಮೆ ಓದಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಅವರನ್ನು ನೋಡದೇ ಇಷ್ಟು ಸರಿಯಾಗಿ ಹೇಳಿತೇ?"