ಅಮರಗುಂಡಪ್ಪನ ಹನ್ನೆರಡು ಹಾಳೆಯ ಪ್ರೇಮಪತ್ರ

"ಇವತ್ತು ನಾಲ್ಕು ಗಂಟೆಗೆ ಶೈಲಜಾ ಟಿ.ವಿ. ಮುಂದ ಕೂತದ್ದ ಆದ್ರ ನನ್ನ ಹೆಸರು ಅಮರಗುಂಡಪ್ಪನ ಅಲ್ಲ!"

ಸಿಂಧನೂರಿನ ಬೀಜ-ಗೊಬ್ಬರದ ವ್ಯಾಪಾರಿ ಅಮರಗುಂಡಪ್ಪ ರವಿವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಕನ್ನಡಿಯೆದುರು ಈ ಘೋರ ಪ್ರತಿಜ್ಞೆ ಮಾಡಿದ. ಕಾರಣವಿತ್ತು. ಒಂದು ಕಾಲಕ್ಕೆ ಊರೂರೇ ಓದಿ ಅತ್ತಿದ್ದ ಪ್ರೇಮ ಕಾದಂಬರಿಯೊಂದು ಟಿ.ವಿ. ಸಿನಿಮಾ ಆಗಿ ಅಂದು ಬರುವುದಿತ್ತು. ಇಪ್ಪತ್ತೆಂಟು ವರ್ಷದ ಹಿಂದೆ, ನಿಶ್ಚಯವಾಗಿ ಮದುವೆಗೆ ಇನ್ನೂ ಮೂರು ತಿಂಗಳಿದ್ದಾಗ, ಮುದಗಲ್ಲಿನ ಶೈಲಜಾಗೆ ಇವನು ಹನ್ನೆರಡು ಹಾಳೆಯ ಪತ್ರ ಬರೆದಿದ್ದ. ಬರೆದಿದ್ದ ಅಂದರೆ, ಆ ಕಾದಂಬರಿಯ ನಾಯಕ ಬರೆದಿದ್ದ, ಇವನು ನೋಡಿ ಇಳಿಸಿದ್ದ! ಅಂದಿನಿಂದ ಬಂದ ನೆಂಟರಿಗೆಲ್ಲ "ನನ್ನ ಪತ್ರಕ್ಕ ಬಿದ್ದಾಕಿ ನಮ್ಮಾಕಿ" ಎಂದು ಕೊಚ್ಚಿಕೊಂಡೇ ಬಂದಿದ್ದಾನೆ. ಇನ್ನು ನಾಯಕ ಟಿ.ವಿ.ಯಲ್ಲಿ ಬಾಯಿಬಿಟ್ಟರೆ ಮಾನ ಹರಾಜು!

"ಶೈಲಾ, ಲಿಂಗಸುಗೂರಿಗೆ ನಿಮ್ಮಕ್ಕನ ಮನಿಗೆ ಹೋಗಿಬರೂಣೇನು?"

"ಜ್ವರ ಗಿರ ಬಂದಾವೇನ್ರೀ? ಆಕಿ ಮಗಳ ಮದಿವಿಗೇ ಅಂಗಡಿ ಬಿಟ್ಟು ಬರಲಿಲ್ಲ ನೀವು! ಸಿನಿಮಾ ಮುಗೀಲಿ, ಹೋಗೂಣು."

"ಮಸ್ಕಿಗಾದ್ರೂ? ಮಲ್ಲಯ್ಯನ ಗುಡ್ಡ ಹತ್ತಿ..."

"ಮಣಕಾಲು ನೂಸ್ತಾವಂತ ಮಾಳಿಗಿ ಹತ್ತಲಾರದವರು ಗುಡ್ಡ ಹತ್ತತಾರಂತ!"

ಮಧ್ಯಾಹ್ನ ಅರ್ಧ ರೊಟ್ಟಿಗೇ ಕೈ ತೊಳೆದ. ಕೂತ, ಎದ್ದ, ಗಡಿಯಾರ ನೋಡಿದ, ಮತ್ತೆ ಕೂತ. ಕೊನೆಗೆ ಕೇಬಲ್ಲಿನ ಜಾಹೀದನಿಗೆ ಫೋನು ಹಚ್ಚಿದ.

"ಜಾಹೀದ್, ನಮ್ಮ ಮನಿ ಕೇಬಲ್ ಎರಡು ತಾಸು ಬಂದ್ ಮಾಡಪಾ."

"ನಿಮ್ಮದೊಂದ ಬಂದ್ ಆಗಂಗಿಲ್ರೀ ಅಣ್ಣಾರ. ಆರಿಸಿದ್ರ ಇಡೀ ಓಣಿ ಬಂದ್!"

"ಆಗಲಿ, ಓಣಿ ಹಾಳಾಗಿ ಹೋಗಲಿ!"

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಓಣಿಯ ಟಿ.ವಿ.ಗಳೆಲ್ಲ ಕಣ್ಣು ಮುಚ್ಚಿದವು. ಅಮರಗುಂಡಪ್ಪ ಮೀಸೆಗೆ ಕೈ ಹಾಕುವಷ್ಟರಲ್ಲಿ ಎದುರುಮನೆಯ ಚಾಂದ್‌ಬೀ ಕೂಗಿದಳು:

"ಶೈಲಕ್ಕಾ, ಎಲ್ಲಾರೂ ನಮ್ಮ ಮನಿಗೆ ಬರ್ರಿ! ನಮ್ದು ಡಿಶ್ ಐತಿ! ಅಣ್ಣಾರ, ನಿಮ್ಮ ಕುರ್ಚಿ ಒಂದೀಟು ಹೊತ್ಕೊಂಡು ಬರ್ರಿ!"

ಅಯ್ಯೋ ಪುಣ್ಯಾತ್ಮ! ಒಬ್ಬ ಹೆಂಡತಿ ನೋಡಬಾರದೆಂದು ಹೊರಟವನು ಇಪ್ಪತ್ತೈದು ಹೆಂಗಸರಿಗೆ ಕುರ್ಚಿ ಹಾಕಿ ಕೂರಿಸಿದ. ತಾನು ಬಾಗಿಲ ಬಳಿ ನಿಂತ, ಓಡಲು ಅನುಕೂಲವಾಗಲಿ ಎಂದು.

ಮೂರನೇ ಸಲದ ಜಾಹೀರಾತು ಮುಗಿದ ಮೇಲೆ ಬಂತು ನೋಡಿ ಗಂಡಾಂತರ! ನಾಯಕ ಹೊಳೆದಂಡೆಯಲ್ಲಿ ಕೂತು ಬರೆಯತೊಡಗಿದ: "ನಿನ್ನ ಗೆಜ್ಜೆಯ ಸಪ್ಪಳ ಕೇಳಿದ ದಿನದಿಂದ ನನಗೆ ಬೇರೆ ಸಪ್ಪಳವೇ ಕೇಳುತ್ತಿಲ್ಲ..." ಹೆಂಗಸರೆಲ್ಲ ಸೆರಗಿನಿಂದ ಮೂಗು ಒರೆಸಿಕೊಂಡರು. ಶೈಲಜಾ ಮಾತ್ರ ನಾಯಕನಿಗಿಂತ ಒಂದು ಶಬ್ದ ಮುಂದಾಗಿಯೇ ತುಟಿ ಆಡಿಸುತ್ತಿದ್ದಳು! ಅಮರಗುಂಡಪ್ಪ ಒಂದು ಕಾಲು ಹೊಸ್ತಿಲಾಚೆ ಇಟ್ಟ.

ಮನೆಗೆ ಬಂದ ಮೇಲೆ ಕಳ್ಳದನಿಯಲ್ಲಿ ಕೇಳಿದ: "ಗೊತ್ತಾತೇನು?"

"ಇವತ್ತೇನ್ ಗೊತ್ತಾಗೋದು? ಪತ್ರ ಬಂದಾಗ ಏಳನೇ ಹಾಳ್ಯಾಗ 'ನನ್ನ ಮುದ್ದು ಕುಸುಮಾ' ಅಂತಿತ್ತು! ಹೆಸರು ಬದಲಿ ಮಾಡೂದ ಮರತೀರಿ! ಯಾರೀಕಿ ಕುಸುಮಾ ಅಂತ ಎರಡು ದಿನ ಊಟ ಬಿಟ್ಟೆ. ಆಮ್ಯಾಲ ನಮ್ಮ ಅತ್ತಿಗಿ ಪುಸ್ತಕ ತಂದು ತೋರಿಸಿದ್ಲು."

"ಮತ್ತ... ಮದಿವಿ ಯಾಕ ಮುರೀಲಿಲ್ಲ?"

"ಹನ್ನೆರಡು ಹಾಳಿ ಕೂತು ಬರದಾನಲ್ಲ, ಪಾಪ, ಅಂತ! ಇವತ್ತು ನಿಮ್ಮದ ಅಂತ ಒಂದ ಹಾಳಿ ಬರೀರಿ, ನೋಡೂಣು. ಅಲ್ಲೀತನಾ ಚಾ ಇಲ್ಲ!"

ಹಾಳೆ ಹಿಡಿದು ಕೂತ. ಎದ್ದ. ಪೆನ್ನು ಬದಲಿಸಿದ. ಒಂದು ಚೀಲ ಗೊಬ್ಬರ ಮಾರಲು ನೂರು ಮಾತಾಡುವ ಮನುಷ್ಯನಿಗೆ ಹೆಂಡತಿಗಾಗಿ ಒಂದು ಸಾಲು ಹುಟ್ಟಲೊಲ್ಲದು! ತಾಸುಗಟ್ಟಲೆ ಬೆವರಿ, ಕೊನೆಗೆ ಅಡುಗೆಮನೆಗೆ ಹೋಗಿ ಕೈಗಿತ್ತ. ಶೈಲಜಾ ಒಲೆಯ ಮುಂದೆ ನಿಂತು ಗಟ್ಟಿಯಾಗಿ ಓದಿದಳು:

"ಪ್ರಿಯ ಶೈಲಜಾಳಿಗೆ ಅಮರಗುಂಡಪ್ಪ ಮಾಡುವ ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮ. ನೀನು ಅಲ್ಲಿ ಕ್ಷೇಮವಾಗಿರುವಿ ಎಂದು ನಂಬಿರುವೆ. ಚಹಾ ಬೇಗ ಕಳಿಸುವುದು."

ಆಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡು ಚಹಾಕ್ಕೆ ನೀರಿಟ್ಟಳು.

"ಇದು ಮಾತ್ರ ಯಾವ ಪುಸ್ತಕದಾಗೂ ಸಿಗಂಗಿಲ್ರೀ! ಖರೇವಂದ್ರೂ ನಿಮ್ಮದ!"